ತಂಗಿಗೊಂದು ಬ್ರೇಕು, ಮಾಪ್ಳೆಗೊಂದು ಬ್ರೇಕು

ವಾಲ್ಪಾರೆಯಿಂದ ಪಾಪಾತ್ತಿ ಅಮ್ಮಾಳ್ ಫೋನು ಮಾಡಿದರೆ ಕಿಟ್ಟುಸಾಮಿ ನಿಂತುಕೊಂಡೇ ಮಾತಾಡುತ್ತಿದ್ದ. ಕೂತು ಮಾತಾಡಿದರೆ ಅದು ಹೇಗೋ ಆಕೆಗೆ ಬೆಟ್ಟದ ಮೇಲಿಂದ ಕಂಡುಬಿಡುತ್ತದೆ ಎಂಬಂಥ ಭಯ. ಆಕೆ ಅವನ ತಂಗಿಯ ಅತ್ತೆ. ಆವತ್ತು ಫೋನು ಮಾಡಿದ್ದು ಕಾರಿನ ವಿಷಯಕ್ಕೆ.

"ತಂಬಿ, ನಿಮ್ಮಪ್ಪ ಕೊಟ್ಟ ಹಸು ಒದರ್ತಾ ಇದೆ."

"ಬ್ರೇಕಾ ಅತ್ತೆ?"

"ಏನೋ, ನನಗೇನು ಗೊತ್ತು. ತುಳಿದ್ರೆ ಕಿರ್ರ್ ಅನ್ನತ್ತೆ. ಬಳೆ ಶಾಸ್ತ್ರ ಆದ್ಮೇಲೆ ನಿನ್ನ ತಂಗಿ ಇಳೀಬೇಕಾದ್ದು ಇದೇ ಗಾಡೀಲಿ. ಮಾಡಿಸೋದಾದ್ರೆ ಮಾಡಿಸು. ಇಲ್ಲ ಅಂದ್ರೆ ಹಾಗೇ ಕಳಿಸ್ತೀನಿ. ನನಗೇನು, ಹೊಟ್ಟೆ ಹೊತ್ಕೊಂಡು ಕೂತ್ಕೊಳ್ಳೋಳು ನಿಮ್ಮನೆ ಹುಡುಗಿ ತಾನೆ."

ಕಾರನ್ನು ತಂಗಿ ತೇನ್ಮೊಳಿಯ ಮದುವೆಯಲ್ಲಿ ಅಪ್ಪ ಕೊಟ್ಟಿದ್ದ. ಕೊಟ್ಟ ಮಾರನೆಯ ವರ್ಷ ತೀರಿಕೊಂಡ. ಸೀರಿನ ಭಾರವೆಲ್ಲ ಮಗನ ಹೆಗಲಿಗೆ ಬಂತು. ನಮ್ಮ ಕಡೆ ಸೀರು, ಅಂದರೆ ತವರಿನ ಉಡುಗೊರೆ, ಮದುವೆಯ ದಿನಕ್ಕೆ ಮುಗಿಯುವುದಲ್ಲ. ಆಡಿ ತಿಂಗಳಿಗೆ, ದೀಪಾವಳಿಗೆ, ಪೊಂಗಲಿಗೆ, ಬಸುರಿಗೆ, ಬಾಣಂತನಕ್ಕೆ ತವರಿನಿಂದ ತಟ್ಟೆ ಹೋಗುತ್ತಲೇ ಇರಬೇಕು. ಆದರೆ ಕಾರಿಗೂ ಸೀರು ಹೋಗಬೇಕು ಎಂಬುದನ್ನು ಕಂಡುಹಿಡಿದವಳು ಪಾಪಾತ್ತಿ ಅಮ್ಮಾಳ್. ಹಿಂದಿನ ಕಾಲದಲ್ಲಿ ಹೆಣ್ಣಿನ ಜೊತೆ ಹಸು ಕೊಟ್ಟರೆ, ಅದು ಬತ್ತಿದಾಗ ತವರಿನವರೇ ಬಂದು ಹೊಡೆದುಕೊಂಡು ಹೋಗಿ, ಕರೆಯುವ ಹಸುವನ್ನು ತಂದು ಕಟ್ಟುತ್ತಿದ್ದರಂತೆ. ಕಾರೂ ಹಾಗೆಯೇ ಎಂಬುದು ಆಕೆಯ ವಾದ. ಬ್ಯಾಟರಿ ಹೋದಾಗ, ಟಯರು ಸವೆದಾಗ, ಕೋತಿಗಳು ವೈಪರ್ ಕಿತ್ತುಹಾಕಿದಾಗ, ಎಲ್ಲಕ್ಕೂ ಕಿಟ್ಟುಸಾಮಿಗೇ ಫೋನು ಬರುತ್ತಿತ್ತು.

ಬಾಡಿಗೆ ಕಾರು ಮಾಡಿಕೊಂಡು ಬಂದು ಕರೆದುಕೊಂಡು ಹೋಗಲೇ ಎಂದು ಅವನು ಕೇಳಿ ನೋಡಿದ. ಕೊಟ್ಟ ಕಾರು ಅಂಗಳದಲ್ಲಿ ನಿಂತಿರುವಾಗ ಹುಡುಗಿ ಬಾಡಿಗೆ ಕಾರಲ್ಲಿ ಇಳಿದರೆ ನೆಂಟರು ಏನೆಂದುಕೊಳ್ಳುತ್ತಾರೆ ಎಂದು ಆಕೆ ತಿರುಗಿ ಕೇಳಿದಳು. ಬಸ್ಸಿನ ಮಾತನ್ನಂತೂ ಎತ್ತುವ ಹಾಗೇ ಇರಲಿಲ್ಲ. ಬಳೆ ತೊಡಿಸಿದ ಬಸುರಿಯನ್ನು ಬಸ್ಸಿನಲ್ಲಿ ತವರಿಗೆ ಕರೆತಂದವರನ್ನು ನಮ್ಮ ಕಡೆ ಮೂರು ತಲೆಮಾರಿನವರೆಗೂ ಆಡಿಕೊಳ್ಳುತ್ತಾರೆ.

ಕಿಟ್ಟುಸಾಮಿ ಪೊಳ್ಳಾಚಿಯ ಹೊರವಲಯದಲ್ಲಿ ತೆಂಗಿನ ನಾರಿನ ಮಿಲ್ಲೊಂದರಲ್ಲಿ ತೂಕ ಬರೆಯುವ ಕೆಲಸದಲ್ಲಿದ್ದ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವನು. ಬರೆದ ತೂಕವನ್ನು ಮತ್ತೊಮ್ಮೆ ನೋಡದೆ ಅವನು ಲಾರಿ ಬಿಡುತ್ತಿರಲಿಲ್ಲ. ಮನೆಯ ಬೀಗವನ್ನೂ ಜಗ್ಗಿ ನೋಡಿ, ಬೀದಿಯ ತುದಿಯವರೆಗೆ ಹೋಗಿ, ವಾಪಸು ಬಂದು ಮತ್ತೆ ಜಗ್ಗುವವನು.

ಅಂಥವನು ಬಿಡಿಭಾಗಗಳ ಅಂಗಡಿಯಲ್ಲಿ ನಿಂತು ಕಾರಿನ ಹೆಸರು ಹೇಳಿ ಮುಂದಿನ ಗಾಲಿಗಳ ಬ್ರೇಕ್ ಪ್ಯಾಡ್ ಕೇಳಿದ. ಅಂಗಡಿಯವನು ಅವನ ಮುಖ ನೋಡಿದ.

"ಗಾಡೀಲಿ ಕೂತ್ಕೊಳ್ಳೋರು ಯಾರು, ಅದನ್ನ ಮೊದಲು ಹೇಳಿ ಸಾರ್. ಆಮೇಲೆ ಯಾವುದು ಕೊಡೋದು ಅಂತ ನಾನು ಹೇಳ್ತೀನಿ."

ಮೇಜಿನ ಮೇಲೆ ಅವನು ಮೊದಲು ಸೀಲು ಒಡೆಯದ ಒಂದು ಡಬ್ಬಿ ಇಟ್ಟ. ಹೆಂಡತಿ ಮಕ್ಕಳು ಕೂರುವುದಾದರೆ ಇದು ಎಂದ. ಪಕ್ಕದಲ್ಲಿ ಇನ್ನೊಂದು ಡಬ್ಬಿ ಇಟ್ಟು ಬಾಡಿಗೆಯವರಾದರೆ ಇದು ಎಂದ. ಆಮೇಲೆ ಮೇಜಿನ ಕೆಳಗಿನಿಂದ ಡಬ್ಬಿಯೇ ಇಲ್ಲದ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನಾಲ್ಕು ಪ್ಯಾಡುಗಳನ್ನು ತೆಗೆದು, "ಮಾವನ ಮನೆಯವರಾದ್ರೆ ಇದು" ಎಂದು ನಕ್ಕ. ಅಂಗಡಿಯಲ್ಲಿದ್ದ ಇನ್ನಿಬ್ಬರೂ ನಕ್ಕರು. ಅವನು ದಿನವೂ ಆಡುವ ಹಾಸ್ಯ ಅದು.

ಕಿಟ್ಟುಸಾಮಿ ನಗಲಿಲ್ಲ. ಒಳ್ಳೆಯದನ್ನು ಕೈಯಲ್ಲಿ ಹಿಡಿದು ನೋಡಿದ. ತೂಕವಾಗಿತ್ತು. ಹಿಂದಿನ ಉಕ್ಕಿನ ತಗಡಿನ ಮೇಲೆ ಕಂಪನಿಯ ಹೆಸರು ಅಚ್ಚೊತ್ತಿತ್ತು. ಉಜ್ಜುವ ಮೈ ನುಣುಪಾಗಿ, ಒಂದೇ ಬಣ್ಣದಲ್ಲಿ ಇತ್ತು. ಚೀಲದಲ್ಲಿದ್ದುದನ್ನು ಉಗುರಿನಿಂದ ಗೀರಿದರೆ ಪುಡಿ ಉದುರಿತು. ಒಳಗೆ ಎಂಥದೋ ಹರಳು ಮಿನುಗಿತು. ಇದು ಹಿಡಿಯುವುದಿಲ್ಲವೇ ಎಂದು ಕೇಳಿದ. ಹಿಡಿಯುತ್ತದೆ, ಬಯಲಿನಲ್ಲಿ ಚೆನ್ನಾಗಿಯೇ ಹಿಡಿಯುತ್ತದೆ ಎಂದ ಅಂಗಡಿಯವನು. ಬೆಟ್ಟ ಇಳಿಯುವಾಗ ತುಳಿದೇ ತುಳಿದರೆ ಕಾಯುತ್ತದೆ, ಕಾದರೆ ಜಾರುತ್ತದೆ, ಅಗ್ಗದ್ದು ಅಗ್ಗದ ಹಾಗೇ ಇರುತ್ತದೆ ಎಂದು ಮುಚ್ಚಿಡದೆ ಹೇಳಿದ. ಒಳ್ಳೆಯದರ ಬೆಲೆ ಇದರ ನಾಲ್ಕು ಪಟ್ಟು.

ಕೂರುವವಳು ತೇನ್ಮೊಳಿ. ಕಿಟ್ಟುಸಾಮಿ ಒಳ್ಳೆಯದನ್ನೇ ಕೊಂಡ.

ಮುಂದಿನ ವಾರ ಮಾಪ್ಳೆ, ಅಂದರೆ ತಂಗಿಯ ಗಂಡ ರಾಸುಕುಟ್ಟಿ, ಕಾರನ್ನು ಕಿರುಗುಟ್ಟಿಸಿಕೊಂಡು ಇಳಿದು ಬಂದ. ದಪ್ಪ ಮೈ, ಸದಾ ನಗೆ, ತಾಯಿಯೆದುರು ಬಾಯಿಲ್ಲ. ವಾಲ್ಪಾರೆಯಲ್ಲಿ ಬಂದ ಪ್ರವಾಸಿಗಳಿಗೆ ನಾಲ್ಕು ಕೋಣೆ ಬಾಡಿಗೆಗೆ ಕೊಡುವುದೇ ಅವನ ಕಸುಬು. ಅವನು ತಾಲ್ಲೂಕು ಕಚೇರಿಗೆ ಹೋಗಿ ಬರುವಷ್ಟರಲ್ಲಿ ಕಿಟ್ಟುಸಾಮಿ ಕಾರನ್ನು ಮೆಕ್ಯಾನಿಕ್ ಆರುಚಾಮಿಯ ಶೆಡ್ಡಿಗೆ ಒಯ್ದ. ಆರುಚಾಮಿ ಡಬ್ಬಿ ನೋಡಿ ಹುಬ್ಬೇರಿಸಿದ. ಇಷ್ಟು ಬೆಲೆಯದ್ದನ್ನು ಹಾಕಿ ಬೆಟ್ಟಕ್ಕೆ ಕಳಿಸಿದರೆ ನಿಮ್ಮ ತಂಗಿ ಇಲ್ಲಿ ಬಾಣಂತನ ಮುಗಿಸುವಷ್ಟರಲ್ಲಿ ಅವರು ಅರ್ಧ ಸವೆಸಿರುತ್ತಾರೆ, ಆಮೇಲೆ ಮಗುವಿನ ಜೊತೆ ಹೋಗುವಾಗ ಮತ್ತೆ ನೀವೇ ತರಬೇಕು ಎಂದ. ಆಮೇಲೆ ದನಿ ತಗ್ಗಿಸಿ ಒಂದು ಉಪಾಯ ಹೇಳಿದ. ಅದನ್ನು ಅವನು ಹುಟ್ಟಿಸಿದ್ದಲ್ಲ. ಬಾಡಿಗೆ ಗಾಡಿಗಳವರು ಎಫ್‌ಸಿಗೆ, ಅಂದರೆ ಸರ್ಕಾರದ ಪರೀಕ್ಷೆಗೆ ಗಾಡಿ ತೋರಿಸುವಾಗ, ಒಳ್ಳೆಯ ಟಯರು, ಒಳ್ಳೆಯ ಬ್ರೇಕು ಎರವಲು ತಂದು ಹಾಕಿ ತೋರಿಸುತ್ತಾರೆ. ಸಂಜೆಗೆ ಬಿಚ್ಚಿ ಹಳೆಯದನ್ನು ಹಾಕಿಕೊಂಡು ಹೋಗುತ್ತಾರೆ.

"ಎಫ್‌ಸಿ ಥರಾನೇ ಮಾಡಿ ಸಾರ್. ತಂಗಿ ಇಳಿಯೋವಾಗ ಒಳ್ಳೇದು. ಇಳಿದ ಮೇಲೆ ಬಿಚ್ಚಿಡೋಣ, ಅವರಿಗೆ ಅಗ್ಗದ್ದು. ತಂಗಿ ಹತ್ತೋವಾಗ ಮತ್ತೆ ಒಳ್ಳೇದು. ಅಮ್ಮ ಮಗ ಇಬ್ಬರೇ ಓಡಾಡೋದಕ್ಕೆ ಇದು ಸಾಲದಾ?"

ಕಿಟ್ಟುಸಾಮಿ ಆವತ್ತು ಒಳ್ಳೆಯದನ್ನೇ ಹಾಕಿಸಿ ಕಾರು ಕಳಿಸಿದ. ಆ ಉಪಾಯವನ್ನು ಮೂರು ದಿನ ತಲೆಯಲ್ಲಿ ತಿರುಗಿಸಿದ. ಹೆಂಡತಿ ಕಲಾಮಣಿಗೆ ಹೇಳಿದ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನಿಮ್ಮ ತಂಗಿಗೆ ಹಾಕಿಸಿ, ಬೇಡ ಅನ್ನಲ್ಲ. ಆ ಮುದುಕಿ ಊರೂರು ಮದುವೆ ಊಟಕ್ಕೆ ಹೋಗೋದಕ್ಕೂ ನಾವೇ ಬ್ರೇಕು ಹಾಕ್ಬೇಕಾ?" ಎಂದಳಷ್ಟೆ. ಅವನು ಎಲ್ಲ ಕಡೆಯಿಂದಲೂ ಯೋಚಿಸಿದ. ಒಳ್ಳೆಯ ಪ್ಯಾಡು ಸವೆಯದೆ ಉಳಿದರೆ ಮಗುವಿಗೇ ಒಳ್ಳೆಯದು. ಅದನ್ನು ಉಳಿಸುವುದು ಅಣ್ಣನಾದವನ ಜವಾಬ್ದಾರಿ. ಲೆಕ್ಕದಲ್ಲಿ ಎಲ್ಲಿಯೂ ತಪ್ಪು ಕಾಣಲಿಲ್ಲ. ಅಂಗಡಿಗೆ ಮತ್ತೆ ಹೋಗಿ, ಮೇಜಿನ ಕೆಳಗಿನದನ್ನು ಕೇಳಿ ತಂದ.

ಬಳೆ ಶಾಸ್ತ್ರದ ದಿನ ಪಾಪಾತ್ತಿ ಅಮ್ಮಾಳ್ ನೆಂಟರ ಎದುರು ತವರಿನ ತಟ್ಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಐದು ಬಗೆಯ ಚಿತ್ರಾನ್ನದಲ್ಲಿ ಹುಣಸೆಯ ಅನ್ನಕ್ಕೆ ಎಣ್ಣೆ ಸಾಲದು ಎಂದಳು. ಕಿಟ್ಟುಸಾಮಿ ತಲೆ ಬಗ್ಗಿಸಿ ನಿಂತ. ಮಧ್ಯಾಹ್ನ ತಂಗಿಯನ್ನು ಹಿಂದಿನ ಸೀಟಿನಲ್ಲಿ ದಿಂಬು ಇಟ್ಟು ಕೂರಿಸಿಕೊಂಡು ಇಳಿದರು. ರಾಸುಕುಟ್ಟಿ ಓಡಿಸುತ್ತಿದ್ದ. ತಿರುವು ತಿರುವಿಗೂ ಕಿಟ್ಟುಸಾಮಿಯ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ರಾಸುಕುಟ್ಟಿ ಹೆಂಡತಿಯ ಅಣ್ಣನ ಕಾಲು ನೋಡಿ, "ಮಚ್ಚಾನ್, ಆ ಕಡೆ ಬ್ರೇಕಿಲ್ಲ. ಇದ್ದಿದ್ರೆ ಅದಕ್ಕೂ ಪ್ಯಾಡು ನೀವೇ ಕೊಡಿಸ್ಬೇಕಾಗ್ತಿತ್ತು" ಎಂದ. ತೇನ್ಮೊಳಿ ಹಿಂದಿನಿಂದ ನಕ್ಕಳು. ಬೆಟ್ಟದ ಬುಡದ ಆಳಿಯಾರ್ ತಲುಪುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು. ಬ್ರೇಕು ಬೆಣ್ಣೆಯ ಹಾಗಿದೆ ಎಂದು ರಾಸುಕುಟ್ಟಿ ಹೊಗಳಿದ.

ಮನೆಯಲ್ಲಿ ಊಟ ಮಾಡಿ ಅವನು ಚಾಪೆಯ ಮೇಲೆ ಮಲಗಿದ. ಕಾರು ತೊಳೆಸಿಕೊಂಡು ಬರುತ್ತೇನೆ ಎಂದು ಹೇಳಿ ಕಿಟ್ಟುಸಾಮಿ ಕೀ ತೆಗೆದುಕೊಂಡ. ಆರುಚಾಮಿ ಬೇಗ ಬೇಗ ಗಾಲಿ ಬಿಚ್ಚಿದ. ಒಳ್ಳೆಯದನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಕೊಟ್ಟ. ಕಾರನ್ನು ನಿಜವಾಗಿಯೂ ತೊಳೆಸಿದ್ದರು. ಸಂಜೆ ರಾಸುಕುಟ್ಟಿ ಹೊಳೆಯುವ ಕಾರು ನೋಡಿ ಸಂತೋಷಪಟ್ಟು, ಮಚ್ಚಾನ್‌ನ ಕೈ ಹಿಡಿದು ಅಲುಗಾಡಿಸಿ, ಬೆಟ್ಟ ಹತ್ತಿ ಹೋದ.

ಆವತ್ತಿನಿಂದ ಫೋನು ಬಂದರೆ ಕಿಟ್ಟುಸಾಮಿ ಹೆದರಿ ಅದನ್ನು ಕಲಾಮಣಿಯ ಕೈಗೆ ಕೊಡುತ್ತಿದ್ದ. ಗಂಡು ಮಗು ಹುಟ್ಟಿದಾಗ ರಾಸುಕುಟ್ಟಿ ಇಳಿದು ಬಂದ. ಸುಮ್ಮನೆ, ಸುಖವಾಗಿ ಬಂದ. ಮತ್ತೊಂದು ಸಲವೂ ಬಂದ. ಹೆದರಿಕೆ ಹಳತಾಗುತ್ತಾ ಹೋಯಿತು. ಆದರೆ ತೊಟ್ಟಿಲು ತೂಗುತ್ತಾ ತೇನ್ಮೊಳಿ ಆಗಾಗ ಗಂಡನ ಮಾತು ತೆಗೆಯುತ್ತಿದ್ದಳು. ವಾಂತಿಯಾಗುವ ದಿನಗಳಲ್ಲಿ ಅವರು ತಾಯಿಗೆ ಕಾಣದ ಹಾಗೆ ಶುಂಠಿ ಕಾಫಿ ಮಾಡಿ ಹಿತ್ತಲ ಬಾಗಿಲಿಂದ ತಂದುಕೊಡುತ್ತಿದ್ದರು ಎಂದಳು. ತಾಯಿ ಬೈದ ದಿನ ಕಾರಿನಲ್ಲಿ ಕೂರಿಸಿಕೊಂಡು ಚಹಾ ತೋಟಗಳ ನಡುವೆ ಸುತ್ತಿಸಿ ತರುತ್ತಿದ್ದರು, ಏನೂ ಮಾತಾಡದೆ. ಕಿಟ್ಟುಸಾಮಿ ಇದನ್ನು ಈ ಮೊದಲು ಕೇಳಿರಲಿಲ್ಲ. ಕೇಳಬೇಕು ಅನ್ನಿಸಿಯೂ ಇರಲಿಲ್ಲ. ಅವನ ಪಾಲಿಗೆ ಆ ಮನೆ ಎಂದರೆ ಫೋನಿನಲ್ಲಿ ಬರುವ ಒಂದು ದನಿ. ಮುಂದಿನ ಸಲ ರಾಸುಕುಟ್ಟಿ ಬಂದಾಗ ಏನಾದರೂ ನೆಪ ಹೇಳಿ ಒಳ್ಳೆಯದನ್ನು ಹಾಕಿಸಿಬಿಡಬೇಕು ಎಂದುಕೊಂಡ. ಬಂದಾಗ ಅವನು ಯಾರೋ ಪ್ರವಾಸಿಗಳನ್ನು ಕಾರಿನಲ್ಲೇ ಕೂರಿಸಿ, ಮಗುವಿನ ಕೆನ್ನೆ ಹಿಂಡಿ, ನೀರೂ ಕುಡಿಯದೆ ಹೊರಟುಬಿಟ್ಟ.

ಅದಾದ ಕೆಲವು ವಾರಕ್ಕೆ ಕಾರು ಮೇಲಿನ ಒಂದು ತಿರುವಿನಲ್ಲಿ ನಿಲ್ಲಲಿಲ್ಲ. ಸುಟ್ಟ ವಾಸನೆ ಬಂತಂತೆ, ಪೆಡಲು ಕಲ್ಲಾಯಿತಂತೆ. ಕಣಿವೆಗೆ ಬೀಳದಿರಲೆಂದು ರಾಸುಕುಟ್ಟಿ ಬೆಟ್ಟದ ಗೋಡೆಗೆ ತಿರುಗಿಸಿದ. ಅವನ ಬಲಗೈ ಎರಡು ಕಡೆ ಮುರಿಯಿತು. ಪಕ್ಕದಲ್ಲಿದ್ದ ತಾಯಿಯ ಹಣೆ ಒಡೆಯಿತು. ಫೋನಿನಲ್ಲಿ ಅವನು ಹೆಂಡತಿಗೆ ಏನೂ ಆಗಿಲ್ಲ, ಗಾಡಿಗೆ ಸ್ವಲ್ಪ ತರಚಿದೆ, ಕೈಗೆ ಕಟ್ಟು ಹಾಕಿದ್ದಾರೆ, ನೀನು ಅಳಬೇಡ ಎಂದ. ಮಚ್ಚಾನ್‌ಗೆ ಫೋನು ಕೊಡು ಎನ್ನಲಿಲ್ಲ. ಕಿಟ್ಟುಸಾಮಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಅಲ್ಲೇ ಕುಕ್ಕರಗಾಲಲ್ಲಿ ಕೂತ.

ಶುಕ್ರವಾರ ಬೆಳಿಗ್ಗೆ ಪಾಪಾತ್ತಿ ಅಮ್ಮಾಳ್ ಬಸ್ಸಿನಲ್ಲಿ ಬಂದಿಳಿದಳು. ಹಣೆಯ ಮೇಲೆ ಅಂಗೈಯಗಲದ ಬಿಳಿ ಪಟ್ಟಿ. ಮಗುವನ್ನು ಎತ್ತಿಕೊಂಡಳು, ಕಾಫಿ ಕುಡಿದಳು, ಕಲಾಮಣಿಯನ್ನು ಎಂದೂ ಇಲ್ಲದ ಹಾಗೆ ಮರ್ಯಾದೆಯಿಂದ ಮಾತಾಡಿಸಿದಳು. ಬ್ರೇಕು ಮೋಸದ ಮಾಲು, ಹಾಗೆಂದು ವಾಲ್ಪಾರೆಯ ಮೆಕ್ಯಾನಿಕ್ಕು ಹೇಳಿದ ಎಂದಳು. ಕಿಟ್ಟುಸಾಮಿ ಖಾಲಿ ಲೋಟಗಳನ್ನು ಎತ್ತಿಕೊಂಡ. ಆಕೆ ಅವನ ಕಡೆ ನೋಡಲಿಲ್ಲ.

"ಯಾರು ಏನು ಅಂತ ನಾನು ಕೇಳೋದಿಲ್ಲ. ಪೊಲೀಸು ಗಿಲೀಸು ನಮಗೆ ಯಾಕೆ. ಆನೈಮಲೈಗೆ ಹೋಗಿ ಮಾಸಾಣಿಗೆ ಮೆಣಸಿನಕಾಯಿ ಅರೆದು ಬಂದುಬಿಡೋಣ. ತೇನು, ನೀನೇ ಅರೀಬೇಕು. ಗಂಡ ನಿನ್ನವನು. ತಂಬಿ, ನೀನೂ ಬಾ. ಮಗು ಎತ್ಕೊಳ್ಳೋದಕ್ಕೆ ಒಬ್ರು ಬೇಕು."

ಮೋಸ ಹೋದವರು, ಕಳಕೊಂಡವರು, ನ್ಯಾಯ ಸಿಗದವರು ಆ ದೇವಿಯ ಗುಡಿಗೆ ಹೋಗಿ ಕೆಂಪು ಮೆಣಸಿನಕಾಯಿ ಅರೆದು ನ್ಯಾಯದ ಕಲ್ಲಿಗೆ ಬಳಿಯುತ್ತಾರೆ. ಮಾಡಿದವನಿಗೆ ಆ ಉರಿ ಮುಟ್ಟುತ್ತದೆ ಎಂದು ನಂಬಿಕೆ. ಕಿಟ್ಟುಸಾಮಿಗೂ ಆ ನಂಬಿಕೆ ಇತ್ತು. ಬಿ.ಕಾಂ. ಅದನ್ನೇನೂ ಕದಲಿಸಿರಲಿಲ್ಲ.

ಬಸ್ಸಿನಲ್ಲಿ ತಂಗಿಗೆ ಹೇಳಿಬಿಡಬೇಕು ಎಂದುಕೊಂಡ. ಅವಳು ಅತ್ತೆಯ ಪಕ್ಕ ಕೂತಿದ್ದಳು. ಹಿಂದಿನ ಸೀಟಿನಿಂದ ಅವಳ ಜಡೆ ಮಾತ್ರ ಕಾಣುತ್ತಿತ್ತು. ಹೇಗೆ ಶುರು ಮಾಡುವುದು ಎಂದು ವಾಕ್ಯ ಜೋಡಿಸಿದ. ಯಾವ ವಾಕ್ಯ ಜೋಡಿಸಿದರೂ ಕೊನೆಗೆ ಅದರಲ್ಲಿ 'ಅವರಿಗೆ ಸಾಕು' ಎಂಬ ಮಾತು ಬರುತ್ತಿತ್ತು. ಗುಡಿಯ ಎದುರು ಪಾಪಾತ್ತಿ ಅಮ್ಮಾಳ್ ಮೆಣಸಿನಕಾಯಿ ಕೊಳ್ಳುವಾಗ ಒಂದು ಕ್ಷಣ ತಂಗಿ ಒಬ್ಬಳೇ ನಿಂತಿದ್ದಳು. ಅವನು ಹತ್ತಿರ ಹೋದ. "ಅಣ್ಣಾ, ಅವರ ಕೈ ಸರಿ ಹೋಗತ್ತಾ? ಡಾಕ್ಟರು ನಿಜ ಹೇಳಿದಾರಾ?" ಎಂದು ಅವಳೇ ಕೇಳಿದಳು. ಹೋಗತ್ತೆ ಅಮ್ಮಣಿ ಎಂದ. ಅಷ್ಟರಲ್ಲಿ ಅತ್ತೆ ಪೊಟ್ಟಣ ಹಿಡಿದು ಬಂದಳು.

ಒಳಗೆ ಶುಕ್ರವಾರದ ಜನ. ಅರೆಯುವ ಕಲ್ಲುಗಳ ಮುಂದೆ ಹೆಂಗಸರು ಸೆರಗು ಕಟ್ಟಿ ಕೂತಿದ್ದರು. ಗಾಳಿಯಲ್ಲಿ ಘಾಟು ತುಂಬಿ ಎಲ್ಲರೂ ಕೆಮ್ಮುತ್ತಿದ್ದರು. ತೇನ್ಮೊಳಿ ಮಗುವನ್ನು ಅಣ್ಣನ ಕೈಗೆ ಕೊಟ್ಟು ಕೂತಳು. ನೀರು ಚಿಮುಕಿಸಿ ಗುಂಡುಕಲ್ಲನ್ನು ಎಳೆಯತೊಡಗಿದಳು.

"ಒತ್ತಿ ಅರಿ," ಎಂದಳು ಪಾಪಾತ್ತಿ ಅಮ್ಮಾಳ್. "ಇದೇನು ಸಾಂಬಾರಿಗಾ?"

"ಹೆಸರು ಗೊತ್ತಿಲ್ಲವಲ್ಲ ಅತ್ತೆ, ಏನಂತ ಬೇಡ್ಕೊಳ್ಳಲಿ?"

"ಹೆಸರು ಅವಳಿಗೆ ಗೊತ್ತು. ನೀನು ಮಾಡಿದವನು ಅಂತ ಹೇಳು, ಸಾಕು. ಗಟ್ಟಿಯಾಗೇ ಹೇಳು, ಇಲ್ಲಿ ನಾಚಿಕೆ ಯಾಕೆ?"

ತೇನ್ಮೊಳಿಯ ಮೈಯ ಭಾರವೆಲ್ಲ ಕಲ್ಲಿನ ಮೇಲೆ ಬಿತ್ತು. ಅವಳು ಮೃದುವಾದ ಹುಡುಗಿ. ಇರುವೆಯ ಸಾಲು ಕಂಡರೆ ದಾಟಿ ಹೋಗುವವಳು. ಘಾಟಿಗೋ ಸಂಕಟಕ್ಕೋ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಅವರ ಕೈ ಮುರಿದವನ ಕೈ ಸೇದಿಹೋಗಲಿ," ಎಂದಳು. ಕಲ್ಲು ಎಳೆದಳು. "ಅವನ ಮನೇಲೂ ಒಬ್ಬಳು ಹೀಗೇ ಕೂತು ಅಳಲಿ. ಅವನು ಕಟ್ಟಿದ್ದು ಯಾವುದೂ ನಿಲ್ಲದೆ ಹೋಗಲಿ."

ಕಿಟ್ಟುಸಾಮಿ ಒಂದು ಹೆಜ್ಜೆ ಮುಂದೆ ಬಂದ. "ಅಮ್ಮಣಿ, ಸಾಕು."

"ಯಾಕಣ್ಣಾ?"

ಪಾಪಾತ್ತಿ ಅಮ್ಮಾಳ್ ನಿಧಾನವಾಗಿ ಅವನ ಕಡೆ ತಿರುಗಿದಳು. ಬೆಳಗಿನಿಂದ ಆಕೆ ಅವನ ಮುಖವನ್ನು ನೇರ ನೋಡಿದ್ದು ಅದೇ ಮೊದಲು. ಹಣೆಯ ಪಟ್ಟಿಯ ಕೆಳಗೆ ಆಕೆಯ ಕಣ್ಣುಗಳು ಒಣಗಿದ್ದವು. "ಹೇಳು ತಂಬಿ. ಯಾಕೆ ಸಾಕು?"

ಆಕೆಗೆ ಗೊತ್ತಿದೆ ಎಂದು ಅವನಿಗೆ ಆಗ ಗೊತ್ತಾಯಿತು. ಬಹುಶಃ ಆಕೆ ಬಸ್ಸಿನಿಂದ ಇಳಿದಾಗಲೇ ಅವನಿಗೆ ಗೊತ್ತಾಗಬೇಕಿತ್ತು. ಹೇಳುವುದಕ್ಕೆ ಆಕೆ ದಾರಿ ಬಿಟ್ಟು ನಿಂತಿದ್ದಳು. ಬಾಗಿಲು ತೆರೆದು ಹಿಡಿದವರ ಹಾಗೆ ಕಾದಳು ಕೂಡ.

"ಮಗು ಅಳ್ತಿದೆ," ಎಂದ ಕಿಟ್ಟುಸಾಮಿ.

ಮಗು ಆಗ ಅಳುತ್ತಿರಲಿಲ್ಲ.

"ಸರಿ," ಎಂದು ಆಕೆ ಸೊಸೆಯ ಕಡೆ ತಿರುಗಿದಳು. "ಹೋಗಿ ಕಲ್ಲಿಗೆ ಬಳಿ."

ತೇನ್ಮೊಳಿ ಎರಡೂ ಅಂಗೈಯಲ್ಲಿ ಕೆಂಪು ಮುದ್ದೆ ಬಳಿದುಕೊಂಡು ಸಾಲಿನಲ್ಲಿ ಮುಂದೆ ಹೋದಳು. ಕಲ್ಲಿಗೆ ಹಚ್ಚಿದಳು. ಬೆರಳಿನಲ್ಲಿ ಉಳಿದದ್ದನ್ನೂ ಒರೆಸಿ ಒರೆಸಿ ಹಚ್ಚಿದಳು. ಹಣೆಯನ್ನು ಕಲ್ಲಿಗೆ ಮುಟ್ಟಿಸುವುದೊಂದು ಬಾಕಿ. ಹಿಂದಿದ್ದವರಿಗೆ ಜಾಗ ಬಿಡದೆ ಕಲ್ಲಿನ ಎದುರೇ ನಿಂತಳು. ಪಾಪಾತ್ತಿ ಅಮ್ಮಾಳ್ ಅವಳ ಬಳಿ ಹೋಗಿ, ಕಿಟ್ಟುಸಾಮಿಗೂ ಕೇಳುವಷ್ಟು ದನಿಯಲ್ಲಿ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಡಿಗೆಮನೆಯ ವಿಷಯ ಹೇಳುವ ಹಾಗಿತ್ತು.

"ಮುಂಚೆ ಹೇಳಿದ್ರೆ ನಿನ್ನ ಕೈ ಏಳ್ತಿರಲಿಲ್ಲ, ಅದಕ್ಕೇ ಈಗ ಹೇಳ್ತೀನಿ. ಅಂಗಡಿಯವನು ಮೋಸ ಮಾಡಿಲ್ಲ ತೇನು. ಅಗ್ಗದ್ದನ್ನ ಅಗ್ಗದ್ದು ಅಂತ ಹೇಳೇ ಮಾರಿದಾನೆ. ಕೊಂಡವನು ನಿನ್ನ ಮಗೂನ ಎತ್ಕೊಂಡು ನಿಂತಿದಾನೆ. ಒಳ್ಳೇದನ್ನ ಹಾಕಿ ನಿನ್ನ ಇಳಿಸಿಕೊಂಡ. ಅವತ್ತೇ ಸಂಜೆ ಅದನ್ನ ಬಿಚ್ಚಿ ಇದನ್ನ ಹಾಕಿ ನನ್ನ ಮಗನ್ನ ಹತ್ತಿಸಿದ. ಅದನ್ನ ಹಾಕಿದ ಪೊಳ್ಳಾಚಿ ಮೆಕ್ಯಾನಿಕ್ಕೇ ನಾನು ಕೇಳಿದಾಗ ಬಾಯಿ ಬಿಟ್ಟ."

ತೇನ್ಮೊಳಿ ಅತ್ತೆಯ ಮಾತು ಎಂದಿನ ಚುಚ್ಚುಮಾತು ಎಂದೇ ಮೊದಲು ತಿಳಿದಳು. ಅದನ್ನು ಅಣ್ಣನ ಜೊತೆ ಹಂಚಿಕೊಳ್ಳುವವಳ ಹಾಗೆ ಅವನ ಕಡೆ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖ ಇಳಿಯಿತು.

"ಅಣ್ಣಾ?"

"ಒಳ್ಳೇದು ಮನೇಲೇ ಇದೆ ಅಮ್ಮಣಿ," ಎಂದ ಅವನು. "ಅಟ್ಟದ ಮೇಲಿದೆ. ನೀನು ವಾಪಸ್ ಹೋಗೋವಾಗ ಹಾಕಿಸ್ಬೇಕು ಅಂತ ಎತ್ತಿಟ್ಟಿದೀನಿ. ಹೊಸದರ ಥರಾನೇ ಇದೆ."

"ನನಗೆ ಅಂತ."

"ನಿನಗೆ. ಮಗೂಗೆ."

"ಅವರಿಗೆ?"

ಹಿಂದಿನ ಹೆಂಗಸರು ಕೆಮ್ಮುತ್ತಿದ್ದರು. ಕಿಟ್ಟುಸಾಮಿ ಮಗುವನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. ಅವನಿಗೆ ಹೇಳುವುದಕ್ಕೆ ಬಹಳ ಇತ್ತು. ಬ್ಯಾಟರಿ, ಟಯರು, ಹುಣಸೆ ಅನ್ನದ ಎಣ್ಣೆ, ನಿಂತು ಮಾತಾಡಿದ ಫೋನುಗಳು. ಅವುಗಳಲ್ಲಿ ಒಂದೂ ರಾಸುಕುಟ್ಟಿ ಮಾಡಿದ್ದಲ್ಲ.

"ನಿನ್ನ ಗಂಡ ಹೇಳಬೇಡ ಅಂದ," ಎಂದಳು ಪಾಪಾತ್ತಿ ಅಮ್ಮಾಳ್. "ಮಚ್ಚಾನ್‌ಗೆ ಕಾಸಿನ ಕಷ್ಟ ಇತ್ತೇನೋ ಬಿಡಮ್ಮಾ, ತೇನುಗೆ ಗೊತ್ತಾದ್ರೆ ಹಾಲು ಬತ್ತತ್ತೆ ಅಂದ. ಅವನು ಅವರಪ್ಪನ ಥರ, ಪೆದ್ದ. ನಾನು ಹಾಗಲ್ಲ." ಆಮೇಲೆ ಸೊಂಟದಿಂದ ಟವಲು ತೆಗೆದು ಸೊಸೆಯ ಮುಂದೆ ಹಿಡಿದಳು. "ಒರೆಸಬೇಕು ಅಂದ್ರೆ ಒರೆಸು. ನಾನು ತಡೆಯಲ್ಲ. ನಿನ್ನ ಅಣ್ಣ, ನಿನ್ನ ಮೆಣಸಿನಕಾಯಿ. ಕಲ್ಲು ಅಲ್ಲೇ ಇದೆ."

ತೇನ್ಮೊಳಿ ಟವಲು ತೆಗೆದುಕೊಂಡಳು. ಕಲ್ಲನ್ನು ನೋಡಿದಳು. ಕಿಟ್ಟುಸಾಮಿ ಅವಳ ಕೈಯನ್ನೇ ನೋಡುತ್ತಿದ್ದ. ಅವಳು ಚಿಕ್ಕವಳಿದ್ದಾಗ ಅವನ ಲೆಕ್ಕದ ಪುಸ್ತಕದ ಮೇಲೆ ಶಾಯಿ ಚೆಲ್ಲಿ, ಅವನು ಬಯ್ಯುವ ಮೊದಲೇ ತನ್ನ ಲಂಗದಲ್ಲಿ ಒರೆಸಿಬಿಟ್ಟಿದ್ದಳು. ಅಂಥ ಕೈ ಅದು, ಬೇಗ ಚಾಚುವ ಕೈ.

"ಆಯ್ತಾ ಅಕ್ಕಾ? ಸ್ವಲ್ಪ ಜರುಗ್ತೀರಾ?" ಎಂದಳು ಸಾಲಿನಲ್ಲಿದ್ದ ಒಬ್ಬಳು.

ತೇನ್ಮೊಳಿ ಜರುಗಿದಳು. ಆ ಹೆಂಗಸು ತನ್ನ ಮುದ್ದೆಯನ್ನು ಅದೇ ಜಾಗದ ಮೇಲೆ ಬಳಿದಳು. ಆಮೇಲೆ ಇನ್ನೊಬ್ಬಳು ಬಳಿದಳು. ಯಾರದು ಯಾವುದು ಎಂದು ಹೇಳಲಾಗದ ಹಾಗಾಯಿತು. ತೇನ್ಮೊಳಿ ಟವಲನ್ನು ಮಡಿಸಿ ಅತ್ತೆಗೆ ವಾಪಸು ಕೊಟ್ಟಳು.

ಹೊರಗೆ ಬಂದಾಗ ಮಗು ನಿಜವಾಗಿಯೂ ಅಳತೊಡಗಿತು. ಹಸಿವು. ತೇನ್ಮೊಳಿ ನಲ್ಲಿಯ ಕೆಳಗೆ ಕೈ ಒಡ್ಡಿ ಎಷ್ಟು ತೊಳೆದರೂ ಉರಿ ಹೋಗಲಿಲ್ಲ. ಆ ಕೈಯಲ್ಲಿ ಮಗುವನ್ನು ಮುಟ್ಟುವಂತಿಲ್ಲ, ರವಿಕೆ ಸಡಿಲಿಸುವಂತಿಲ್ಲ. ಮಜ್ಜಿಗೆಯಲ್ಲಿ ತೊಳೆದರೆ ಹೋಗುತ್ತದೆ, ತರುತ್ತೇನೆ ಎಂದ ಕಿಟ್ಟುಸಾಮಿ. ಪಾಪಾತ್ತಿ ಅಮ್ಮಾಳ್ ಅವನ ಕೈಯಿಂದ ಮಗುವನ್ನು ತೆಗೆದುಕೊಂಡಳು. ತೆಗೆದುಕೊಳ್ಳುವಾಗ ಅವನ ಬೆರಳು ಹಿಡಿದಿದ್ದ ಮಗುವಿನ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿದಳು.

ಅವನು ಎರಡು ಅಂಗಡಿ ತಿರುಗಿ ಮಜ್ಜಿಗೆಯ ಪ್ಯಾಕೆಟು ಹಿಡಿದು ಓಡಿ ಬಂದಾಗ ನಲ್ಲಿಯ ಬಳಿ ಯಾರೂ ಇರಲಿಲ್ಲ. ರಸ್ತೆಯಲ್ಲಿ ವಾಲ್ಪಾರೆಯ ಬಸ್ಸು ನಿಂತಿತ್ತು. ಕಿಟಕಿಯ ಬಳಿ ತೇನ್ಮೊಳಿ, ಪಕ್ಕದಲ್ಲಿ ಮಗುವನ್ನು ತೂಗುತ್ತಾ ಅತ್ತೆ. ಮನೆಗೆ ಹೋಗಿ ಬಟ್ಟೆ ಬರೆಯನ್ನಾದರೂ ತೆಗೆದುಕೊಂಡು ಹೋಗು ಎಂದು ಅವನು ಕೆಳಗಿನಿಂದ ಹೇಳಿದ. ಬೆಳ್ಳಿಯ ಉಡಿದಾರ, ತೊಟ್ಟಿಲು, ಸೀರಿನ ಪಾತ್ರೆ ಎಲ್ಲ ತಂದಿಟ್ಟಿದ್ದೇನೆ ಎಂದ. ಅವಳು ಕೈ ಚಾಚಿ ಪ್ಯಾಕೆಟು ತೆಗೆದುಕೊಂಡಳು. ಅವನಿಗೆ ಉಸಿರು ಬಂತು. ಅವಳು ಅದರ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಕಿಟಕಿಯಿಂದಾಚೆ ಕೈ ಇಟ್ಟು ತೊಳೆದುಕೊಂಡಳು. ಕೆಂಪು ಬೆರೆತ ಬಿಳಿ ನೀರು ಅವನ ಚಪ್ಪಲಿಯ ಮೇಲೆ ಬಿತ್ತು.

"ಆ ಪ್ಯಾಡನ್ನ ನಾಳೇನೇ ಬಸ್ಸಲ್ಲಿ ಕೊಟ್ಟು ಕಳಿಸ್ತೀನಿ ಅಮ್ಮಣಿ. ಮಾಪ್ಳೆ ಹಾಕಿಸ್ಕೊಳ್ಳಲಿ."

"ಬೇಡ. ಗಾಡಿ ಮಾರ್ತೀವಿ," ಎಂದಳು ತೇನ್ಮೊಳಿ. ಅವಳ ದನಿಯಲ್ಲೂ ಸಿಟ್ಟಿರಲಿಲ್ಲ. "ಇನ್ಮೇಲೆ ನಿನಗೆ ಆ ಖರ್ಚಿಲ್ಲ ಅಣ್ಣಾ."

ಬಸ್ಸು ಅಲುಗಿತು. ಅವನು ಕಿಟಕಿಯ ಕಂಬಿ ಹಿಡಿದು ನಾಲ್ಕು ಹೆಜ್ಜೆ ನಡೆದ.

"ಹೋಗ್ತೀನಿ," ಎಂದಳು ಅವಳು.

ನಮ್ಮ ಕಡೆ ಹೊರಡುವವರು ಯಾರೂ ಹಾಗೆ ಹೇಳುವುದಿಲ್ಲ. ಸಾಲಗಾರನ ಮನೆಯಿಂದ ಹೊರಟರೂ ಹೋಗಿ ಬರ್ತೀನಿ ಎನ್ನುತ್ತಾರೆ. ಕಿಟ್ಟುಸಾಮಿ ಮುಂದಿನ ಮಾತಿಗೆ ಕಾದ. ಅವಳು ಮಗುವಿನ ಕಡೆ ತಿರುಗಿ ರವಿಕೆಗೆ ಸೆರಗು ಮರೆಮಾಡಿಕೊಳ್ಳುತ್ತಿದ್ದಳು.

ಮನೆಯಲ್ಲಿ ಕಲಾಮಣಿ ಅಡಿಗೆ ಮುಗಿಸಿ ಎಲೆ ತೊಳೆದಿಟ್ಟಿದ್ದಳು, ನಾಲ್ಕು. ಅವನೊಬ್ಬನೇ ಬಂದದ್ದನ್ನು ನೋಡಿ ಏನಾಯಿತು, ಮತ್ತೆ ಏನು ಕೇಳಿದರು ಎಂದಳು. ಏನೂ ಕೇಳಲಿಲ್ಲ, ಕಾರು ಮಾರುತ್ತಾರಂತೆ, ಇನ್ನು ನಮಗೆ ಖರ್ಚಿಲ್ಲ ಎಂದ. ಅವಳು ಎರಡು ಎಲೆಯನ್ನು ತೆಗೆದು ಬದಿಗಿಟ್ಟಳು.

"ಹಾಗಾದ್ರೆ ಅಟ್ಟದ ಮೇಲಿರೋದನ್ನ ಅಂಗಡಿಯವನು ವಾಪಸ್ ತಗೋತಾನಾ ಕೇಳಿ ನೋಡಿ. ಹತ್ತಿಸಿ ಒಂದ್ಸಲ, ಇಳಿಸಿ ಒಂದ್ಸಲ, ಎರಡೇ ಸಲ ತಾನೆ ಓಡಿಸಿದ್ದು."

ಕಿಟ್ಟುಸಾಮಿ ಏಣಿ ತಂದು ಅಟ್ಟ ಹತ್ತಿದ. ಪಂಚೆಯ ತುಂಡು ಬಿಚ್ಚಿ ನೋಡಿದ. ನಿಜವಾಗಿಯೂ ಹೊಸದರ ಹಾಗೇ ಇತ್ತು.